ರೆಫ್ರಿ ಬಿದ್ದ ಮೇಲೆ

ನನ್ನ ಕನ್ನಡಕಕ್ಕೆ ಒಂದು ಕಪ್ಪು ದಾರವಿದೆ. ಎರಡೂ ಕಿವಿಗಳ ಹಿಂದೆ ಹಾದು ಕುತ್ತಿಗೆಯ ಮೇಲೆ ಇಳಿಬೀಳುವ ದಾರ. ಆಫೀಸಿಗೆ ಹೊಸದಾಗಿ ಸೇರುವವರು ಅದನ್ನು ನೋಡಿ ನನಗೆ ವಯಸ್ಸಾಯಿತೆಂದು ತಿಳಿಯುತ್ತಾರೆ. ವಯಸ್ಸಾಗಿರುವುದು ನಿಜವೇ, ಆದರೆ ದಾರಕ್ಕೂ ಅದಕ್ಕೂ ಸಂಬಂಧವಿಲ್ಲ. ದಾರ ಬಂದಾಗ ನನಗಿನ್ನೂ ಮದುವೆಯೇ ಆಗಿರಲಿಲ್ಲ. ನನ್ನ ಮಗಳು ಅದಕ್ಕೆ ‘ಅಪ್ಪನ ಮೂಗುದಾರ’ ಎಂದು ಹೆಸರಿಟ್ಟಿದ್ದಾಳೆ. ‘ಮೂಗುದಾರ ಆಗಿದ್ದಿದ್ರೆ ಅದರ ತುದಿ ನನ್ನ ಕೈಲಿರ್ತಿತ್ತಲ್ಲ’ ಎನ್ನುತ್ತಾಳೆ ಅವಳ ತಾಯಿ.

ಯಾರಾದರೂ ತೀರಾ ಒತ್ತಾಯಿಸಿ ಕೇಳಿದರೆ, ಕುಸ್ತಿ ಕಣದಲ್ಲಿ ಕಾಲು ಮುರಿದುಕೊಂಡ ಮೇಲೆ ಕಟ್ಟಿದ್ದು ಎಂದು ಹೇಳುತ್ತೇನೆ. ಕೇಳಿದವರು ನನ್ನ ಮುಖ ಬಿಟ್ಟು ತೋಳಿನ ಕಡೆ ನೋಡುತ್ತಾರೆ. ನನ್ನ ತೋಳುಗಳನ್ನು ನೀವು ನೋಡಿಲ್ಲ. ನಷ್ಟವೇನೂ ಇಲ್ಲ ಬಿಡಿ.

ನಾನು ಕುಸ್ತಿ ಆಡಿದವನಲ್ಲ, ಆಡಿಸಿದವನು. ಹುಟ್ಟಿನಿಂದಲೇ ನಾನು ಅಂಪೈರ್. ಮೈಸೂರಿನ ನಮ್ಮ ಬೀದಿಯಲ್ಲಿ ಬ್ಯಾಟು ತಂದವನು ಮೊದಲು ಆಡುತ್ತಿದ್ದ, ಚೆಂಡು ತಂದವನು ಬೌಲಿಂಗ್ ಮಾಡುತ್ತಿದ್ದ, ಕನ್ನಡಕ ಹಾಕಿಕೊಂಡು ಬಂದವನು ಅಂಪೈರ್ ಆಗುತ್ತಿದ್ದ. ಲಗೋರಿಗೆ ಯಾವ ಊರಲ್ಲೂ ಅಂಪೈರ್ ಇರುವುದಿಲ್ಲ; ನಮ್ಮ ಬೀದಿಯಲ್ಲಿ ಮಾತ್ರ ನನ್ನನ್ನು ಎಲ್ಲಿಡುವುದೆಂದು ತಿಳಿಯದೆ ಅದಕ್ಕೂ ನಿಲ್ಲಿಸಿದ್ದರು. ಬೀದಿಯ ಕೊನೆಗೆ ಒಂದು ಗರಡಿ ಮನೆಯಿತ್ತು. ಅದರ ಮುಂದೆ ಹಾದುಹೋಗುವಾಗ ಕೆಮ್ಮಣ್ಣು, ಎಣ್ಣೆ, ಬೆವರು ಮೂರೂ ಸೇರಿದ ವಾಸನೆ ಬರುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಒಳಗೆ ಇಣುಕಿದೆ. ಅಲ್ಲಿದ್ದ ಉಸ್ತಾದರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಮನೇಲಿ ಊಟ ಹಾಕ್ತಾರೇನಪ್ಪಾ?’ ಎಂದು ಕೇಳಿ, ಕೈಗೆ ನಾಲ್ಕು ಬಾದಾಮಿ ಕೊಟ್ಟು ಕಳಿಸಿದರು. ಕುಸ್ತಿಯ ಬಗ್ಗೆ ನನಗಿದ್ದ ಅನುಭವ ಆ ಬಾದಾಮಿಯಷ್ಟೇ.

ಹೈದರಾಬಾದಿಗೆ ನಾನು ಬಂದದ್ದು ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲದಲ್ಲಿ. ಕೂಕಟ್‌ಪಲ್ಲಿಯಲ್ಲಿ ಮೂರನೇ ಮಹಡಿಯ ಫ್ಲ್ಯಾಟು, ಲಿಫ್ಟ್ ಇಲ್ಲ. ಕೆಳಗಿನ ಇಡ್ಲಿ ಬಂಡಿಯವನೂ ಚಟ್ನಿ ಹಾಕುತ್ತಾ, ‘ಆನ್‌ಸೈಟ್ ಎಪ್ಪುಡು ಸಾರ್?’ ಎಂದು, ಕಂಪನಿ ಅಮೆರಿಕಕ್ಕೆ ಕಳಿಸುವುದು ಯಾವಾಗೆಂದು, ವಿಚಾರಿಸುತ್ತಿದ್ದ. ಅಮೆರಿಕಕ್ಕೆ ಹೋಗದೆ ಉಳಿದವನಿಗೆ ಚಟ್ನಿಯೂ ಸ್ವಲ್ಪ ಕಡಿಮೆ. ನನ್ನ ಕೆಲಸ ಟೆಸ್ಟಿಂಗ್. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಅಂಪೈರಿಗೆ ಸಂಬಳವನ್ನೂ ಕೊಡುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ.

ನಾಚಾರಂನ ಒಂದು ಕಾರ್ಖಾನೆಗೆ ಗೋದಾಮಿನ ಸಾಮಾನು ನೋಡಿಕೊಳ್ಳುವ ಪ್ರೋಗ್ರಾಂ ಹಾಕಲು ಕಂಪನಿ ನನ್ನನ್ನು ಕಳಿಸಿತು. ಊರಿನ ಆ ತುದಿಯಿಂದ ಈ ತುದಿಗೆ ಎರಡು ಬಸ್ಸು. ಅಲ್ಲಿಯ ಕ್ಯಾಂಟೀನಿನಲ್ಲಿ ಕುಳಿತಿದ್ದಾಗ ಹಿಂದಿನ ಬೆಂಚಿನಿಂದ ಯಾರೋ ತಮ್ಮಷ್ಟಕ್ಕೆ ತಾವೇ, ‘ಚಾದಾಗ ಸಕ್ಕರಿ ಭಾಳ ಆತು’ ಎಂದರು. ತಿಂಗಳುಗಟ್ಟಲೆ ತೆಲುಗು, ಹಿಂದಿ, ಇಂಗ್ಲಿಷು ಕೇಳಿ ಕೇಳಿ ಒಣಗಿದ್ದ ಕಿವಿ. ಆ ಸಕ್ಕರೆ ನನ್ನ ಚಹಾಕ್ಕೇ ಬಿದ್ದಂತಾಯಿತು. ತಿರುಗಿದರೆ, ಬೆಂಚಿನ ಮುಕ್ಕಾಲು ಭಾಗವನ್ನು ತಾನೊಬ್ಬನೇ ತುಂಬಿಕೊಂಡಿದ್ದ ಒಬ್ಬ ಆಸಾಮಿ. ಶರಣಪ್ಪ, ಲಿಂಗಸುಗೂರಿನ ಕಡೆಯವನು, ಅಲ್ಲಿ ವೆಲ್ಡರ್.

‘ನಿಮ್ಮದು ಯಾವೂರ್ರಿ ಸರ್?’

‘ಮೈಸೂರು.’

‘ಹಂಗಂದ್ರ ನಿಮಗ ಕುಸ್ತಿ ಗೊತ್ತಿರಬೇಕಲ್ರಿ!’

ನೀವೇ ಹೇಳಿ, ಮೈಸೂರಿನವನಾಗಿ, ಪರವೂರಿನಲ್ಲಿ, ಇಲ್ಲ ಎನ್ನುವುದು ಹೇಗೆ? ಊರಿನ ಮಾನದ ಪ್ರಶ್ನೆ. ‘ಗೊತ್ತು’ ಎಂದುಬಿಟ್ಟೆ. ಅವರ ಭಾನುವಾರದ ಆಟಕ್ಕೆ ಒಬ್ಬ ರೆಫ್ರಿ ಬೇಕಾಗಿತ್ತು. ಎರಡನೇ ಭಾನುವಾರದ ಹೊತ್ತಿಗೆ ನಾನು ಬಿಳಿ ಅಂಗಿ, ಕರಿ ಪ್ಯಾಂಟು ತೊಟ್ಟು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ರೆಫ್ರಿಯಾಗಿದ್ದೆ.

ಅದು ಮಣ್ಣಿನ ಕುಸ್ತಿಯಲ್ಲ. ಟಿವಿಯಲ್ಲಿ ಬರುತ್ತದಲ್ಲ, ಆ ಜಾತಿಯದು. ಸುತ್ತ ಹಗ್ಗ ಕಟ್ಟಿದ ಚೌಕದ ಕಣ, ಬಣ್ಣದ ಚಡ್ಡಿ, ಬೂಟು, ಎದೆ ತಟ್ಟಿಕೊಂಡು ಬೈಯುವುದು, ಮೂಲೆಯ ಕಂಬ ಹತ್ತಿ ಮೇಲಿಂದ ಹಾರುವುದು, ಕೆಳಗೆ ಬಿದ್ದವನು ಏಳದಿದ್ದರೆ ರೆಫ್ರಿ ಹಲಗೆ ಬಡಿದು ಮೂರು ಎಣಿಸಿ ಸೋಲಿಸುವುದು. ಕಾರ್ಖಾನೆಯ ಹಿಂದಿನ ಬಯಲಲ್ಲಿದ್ದ ಆ ಕಣವನ್ನು ಶರಣಪ್ಪನೇ ವೆಲ್ಡ್ ಮಾಡಿದ್ದ. ಕೆಳಗೆ ಹಳೆಯ ಲಾರಿಯ ಸ್ಪ್ರಿಂಗು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹಾಸಿಗೆ, ಟಾರ್ಪಾಲು. ಹಲಗೆಗಳನ್ನು ಬೇಕೆಂದೇ ಸಡಿಲ ಬಿಟ್ಟಿದ್ದರು; ಯಾರು ಬಿದ್ದರೂ ‘ಧಡ್’ ಎಂದು ಕಾರ್ಖಾನೆಯ ಗೋಡೆಗಳೆಲ್ಲ ಅದುರಬೇಕು. ಶಾಮಿಯಾನ, ಮೈಕು ಬಾಡಿಗೆಗೆ ಕೊಡುವ, ಶರಣಪ್ಪನ ಕಡೆಯವನೇ ಆದ ಪಂಪಾಪತಿ ಇದರ ಯಜಮಾನ. ಶರಣಪ್ಪನ ಎದುರಾಳಿ ನರ್ಸಿಂಗ್ ಎಂಬ ಹೈದರಾಬಾದಿನವನೇ ಆದ ಆಟೋ ಚಾಲಕ. ನರ್ಸಿಂಗ್ ಒಳ್ಳೆಯವನ ಪಾತ್ರ, ಶರಣಪ್ಪ ಕೆಟ್ಟವನ ಪಾತ್ರ, ಯಾರು ಗೆಲ್ಲಬೇಕೆಂಬುದು ಚಹಾದಂಗಡಿಯಲ್ಲೇ ತೀರ್ಮಾನ. ಭಾನುವಾರ ಸಂಜೆ ಕಾರ್ಖಾನೆಯವರೆಲ್ಲ ಹೆಂಡತಿ ಮಕ್ಕಳೊಂದಿಗೆ ಬಂದು ಶರಣಪ್ಪನನ್ನು ಮನಸಾರೆ ಬೈದು ಹಗುರಾಗಿ ಮನೆಗೆ ಹೋಗುತ್ತಿದ್ದರು. ಮೊದಲ ಸಾಲಿನಲ್ಲಿ ಕೂರುತ್ತಿದ್ದ ಅವನ ಹೆಂಡತಿ ಕಸ್ತೂರಿ ಮಾತ್ರ ಬೈದವರನ್ನೆಲ್ಲ ತಿರುಗಿ ತಿರುಗಿ ಬೈದು, ಹೋಗುವಾಗ ಎಲ್ಲರಿಗಿಂತ ಹೆಚ್ಚು ದಣಿದಿರುತ್ತಿದ್ದಳು.

ಇನ್ನು ನನ್ನ ಪ್ರತಾಪ. ಯಾವುದೇ ಕೆಲಸಕ್ಕೆ ಮೊದಲು ಪುಸ್ತಕ ಓದುವುದು ನಮ್ಮಂಥವರ ರೋಗ. ಅಬಿಡ್ಸ್‌ನಲ್ಲಿ ಭಾನುವಾರ ಬೆಳಿಗ್ಗೆ ಫುಟ್‌ಪಾತಿನ ಉದ್ದಕ್ಕೂ ಹಳೆ ಪುಸ್ತಕ ಹರಡುತ್ತಾರೆ. ಅಲ್ಲಿ ಕುಸ್ತಿಯ ನಿಯಮಗಳ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಕೊಂಡು, ಪೆನ್ಸಿಲಿನಿಂದ ಗೆರೆ ಎಳೆದು, ಬಾಯಿಪಾಠ ಮಾಡಿದೆ. ಮೊದಲ ಪ್ರದರ್ಶನದಲ್ಲಿ ಶರಣಪ್ಪ ಬರುತ್ತಿದ್ದಂತೆಯೇ ನರ್ಸಿಂಗನ ಕಣ್ಣಿಗೆ ಬೆರಳು ಹಾಕಿದ. ನಿಯಮದ ಪ್ರಕಾರ ಅದು ಘೋರ ಅಪರಾಧ. ನಾನು ಸೀಟಿ ಊದಿ, ಶರಣಪ್ಪನನ್ನು ಹೊರಗೆ ಹಾಕಿ, ನರ್ಸಿಂಗನ ಕೈ ಎತ್ತಿ, ಆಟ ಮುಗಿಸಿಬಿಟ್ಟೆ. ಜನ ಇನ್ನೂ ಕಡಲೆಕಾಯಿ ಪೊಟ್ಟಣ ಬಿಚ್ಚಿರಲಿಲ್ಲ. ಪಂಪಾಪತಿ ಮೈಕಿನ ಮುಂದೆ ಬಾಯಿ ತೆರೆದವನು ಹಾಗೆಯೇ ನಿಂತಿದ್ದ.

ಆಮೇಲೆ ಶರಣಪ್ಪ ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮರ್ಯಾದೆಯಿಂದ ಹೇಳಿದ: ‘ಸರ್, ನಾ ಕಣ್ಣಾಗ ಬಟ್ಟು ಹಾಕಿದಾಗ ನೀವು ಆ ಕಡೆ ನೋಡಬೇಕ್ರಿ. ಜನಾ ಒದರತಾರ, ನಿಮಗ ಕೇಳಬಾರದು. ಅದ ನಿಮ್ಮ ಕೆಲಸ.’

ವಾರವೆಲ್ಲ ತಪ್ಪು ಹುಡುಕುವುದಕ್ಕೆ ಸಂಬಳ, ಭಾನುವಾರ ತಪ್ಪು ಕಾಣದಿರುವುದಕ್ಕೆ ಚಪ್ಪಾಳೆ. ನಾನು ಬೇಗ ಕಲಿತೆ. ಶರಣಪ್ಪ ಹಗ್ಗದ ಹಿಂದೆ ಏನೋ ಅನ್ಯಾಯ ಮಾಡುವಾಗ ನಾನು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದೆ. ‘ರೆಫ್ರಿ ಗುಡ್ಡಿವಾಡು!’ ಎಂದು ಜನ ಕೂಗುತ್ತಿದ್ದರು. ಕುರುಡ ಎಂದು ಅಷ್ಟು ಜನ ಒಟ್ಟಿಗೆ ಬೈದಾಗ ಆಗುವ ಸುಖವನ್ನು ಅನುಭವಿಸಿದವನೇ ಬಲ್ಲ.

ಆದರೆ ಆ ಸುಳ್ಳು ಕುಸ್ತಿಯೊಳಗೆ ಒಂದು ಸಂಗತಿ ಸುಳ್ಳಾಗಿರಲಿಲ್ಲ. ನೂರು ಕಿಲೋ ದಾಟಿದ ಶರಣಪ್ಪ ಮೂಲೆಯ ಕಂಬದಿಂದ ಹಾರಿ ನರ್ಸಿಂಗನ ಎದೆಯ ಮೇಲೆ ಬೀಳುತ್ತಿದ್ದನಲ್ಲ, ಆ ಹಾರುವುದು ನಿಜ. ಮೊಣಕಾಲು, ಅಂಗೈ ಮೊದಲು ಹಲಗೆಗೆ ತಾಗಬೇಕು. ಮೈ ಬರೀ ಬಂದು ಸವರಬೇಕು. ಕೆಳಗಿದ್ದವನಿಗೆ ಒಂದು ಗೀರು ಬಿದ್ದರೂ ಶರಣಪ್ಪನಿಗೆ ಅವಮಾನ. ತನ್ನ ಕೈಯಲ್ಲಿ ಈವರೆಗೆ ಯಾರಿಗೂ ನೋವಾಗಿಲ್ಲ ಎಂಬುದೊಂದೇ ಅವನ ಜಂಬ.

ನನ್ನಿಂದಾಗಿ ಆ ಜಂಬ ಹೋಯಿತು. ಒಂದು ಭಾನುವಾರ ನರ್ಸಿಂಗ್ ಅಂಗಾತ ಬಿದ್ದಿದ್ದ, ಶರಣಪ್ಪ ಕಂಬ ಹತ್ತಿದ್ದ. ನರ್ಸಿಂಗ್ ನೋವಿನ ಅಭಿನಯ ಮಾಡುತ್ತಾ ಬೀಸಿದ ಕೈ ನನ್ನ ಮುಖಕ್ಕೆ ತಾಗಿ ಕನ್ನಡಕ ಹಾರಿತು. ಕನ್ನಡಕವಿಲ್ಲದಿದ್ದರೆ ನನಗೆ ಜಗತ್ತು ಮಜ್ಜಿಗೆ. ದಾರಿ ಬಿಟ್ಟು ನಿಲ್ಲಬೇಕಾದವನು ಮಂಡಿಯೂರಿ, ಹಾಸಿಗೆಯ ಮೇಲೆ ಕೈಯಾಡಿಸುತ್ತಾ, ಸೀದಾ ನರ್ಸಿಂಗನ ಪಕ್ಕಕ್ಕೇ ತೆವಳಿದೆ. ಶರಣಪ್ಪ ಆಗಲೇ ಗಾಳಿಯಲ್ಲಿದ್ದ. ಅಲ್ಲೇ ನನ್ನನ್ನು ಕಂಡು ಮೈ ತಿರುಚಿದನಂತೆ. ತಿರುಚದೆ ಹೋಗಿದ್ದರೆ ನನ್ನ ಕುತ್ತಿಗೆಯ ಮೇಲೆ ಬೀಳುತ್ತಿದ್ದ. ಬಿದ್ದದ್ದು ಕಾಲಿನ ಮೇಲೆ. ಮೊಣಕಾಲ ಕೆಳಗಿನ ಮೂಳೆ ಮುರಿದ ಸದ್ದು ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನನಗೆ ಕೇಳಿತು.

ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕುರುಡು ರೆಫ್ರಿಗೆ ತಕ್ಕ ಶಾಸ್ತಿಯಾಯಿತೆಂದು ಅವರ ಸಂತೋಷ. ‘ನಾಟಕ ಅಲ್ರೋ! ಖರೇನ ಬಿದ್ದಾರ!’ ಎಂದು ಶರಣಪ್ಪ ಎರಡೂ ಕೈ ಮೇಲೆತ್ತಿ ಅರಚಿದ. ಇನ್ನಷ್ಟು ಸಿಳ್ಳೆ ಬಿತ್ತು. ಕೊನೆಗೆ ಅವನು ನನ್ನನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ಅಳುತ್ತಾ ಓಡತೊಡಗಿದಾಗಲೇ ಜನ ಸುಮ್ಮನಾದದ್ದು. ನಾನು ಆ ಸ್ಥಿತಿಯಲ್ಲೂ ಕನ್ನಡಕ ಎಲ್ಲಿ ಎಂದು ಕೇಳುತ್ತಿದ್ದೆನಂತೆ.

ಮೈಸೂರಿನಿಂದ ಅಮ್ಮ ಬಂದಳು. ಒಂದು ಚೀಲದಲ್ಲಿ ಬಟ್ಟೆ, ಎರಡು ಚೀಲದಲ್ಲಿ ಪುಡಿಗಳು, ಹಪ್ಪಳ, ಉಪ್ಪಿನಕಾಯಿ. ಹೈದರಾಬಾದಿನಲ್ಲಿ ಅಡುಗೆಯ ಸಾಮಾನೇ ಸಿಕ್ಕುವುದಿಲ್ಲ ಎಂದು ಅವಳಿಗೆ ಖಾತ್ರಿ. ಮಗ ಕಂಪ್ಯೂಟರ್ ಕೆಲಸಕ್ಕೆ ಹೋಗಿದ್ದಾನೆಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದ ಹೆಂಗಸು. ಕುಸ್ತಿಯಲ್ಲಿ ಕಾಲು ಮುರಿಯಿತೆಂದು ಹೇಳಿದರೆ ಯಾರು ನಂಬಬೇಕು? ‘ಬಾತ್‌ರೂಮಲ್ಲಿ ಜಾರಿದ ಅಂತ ಹೇಳ್ಬಂದಿದೀನಿ. ನೀನೂ ಹಾಗೇ ಹೇಳು’ ಎಂದು ಬಂದೊಡನೆ ತಾಕೀತು ಮಾಡಿದಳು.

ಕುಸ್ತಿಯ ಆಟ ಮುಂದುವರಿಯಬೇಕೆ ಬೇಡವೆ ಎಂಬ ಮಹಾಸಭೆ ನಡೆದದ್ದು ನನ್ನ ಮಂಚದ ಸುತ್ತ. ಕಾಲಿಗೆ ಪ್ಲಾಸ್ಟರ್ ಸುತ್ತಿಕೊಂಡು ಮಲಗಿದ್ದ ನಾನು ಸಭೆಯ ವಿಷಯ. ಹಾಗಾಗಿ ನನ್ನನ್ನು ಯಾರೂ ಮಾತಾಡಿಸಲಿಲ್ಲ.

‘ಬ್ಯಾಡ್ರಿ, ಬಂದ್ ಮಾಡೂಣು’ ಎಂದ ಪಂಪಾಪತಿ. ‘ಇವತ್ತು ಕಾಲು ಹೋಗೇತಿ. ನಾಳೆ ಯಾರದರ ಜೀವಾ ಹೋತು ಅಂದ್ರ ಯಾರ ಜವಾಬ್ದಾರ್ರಿ?’

ನರ್ಸಿಂಗ್ ಒಪ್ಪಲಿಲ್ಲ. ‘ಕೈಕು ಬಂದ್ ಕರ್ನಾ? ಬಸ್ ಸೇ ಆದ್ಮಿ ಗಿರಾ ತೋ ಬಸ್ ಬಂದ್ ಕರ್ತೇ ಕ್ಯಾ?’

ಅಮ್ಮ ನನ್ನ ಕಡೆ ನೋಡಿದಳು. ಬಸ್ಸಿನಿಂದ ಯಾರಾದರೂ ಬಿದ್ದರೆ ಬಸ್ಸನ್ನೇ ನಿಲ್ಲಿಸುತ್ತಾರಾ ಅಂತ ಕೇಳುತ್ತಿದ್ದಾನೆ ಎಂದೆ. ‘ನಿಲ್ಲಿಸೋದಿಲ್ಲ. ಆದ್ರೆ ಬಿದ್ದೋನು ಮತ್ತೆ ಹೋಗಿ ಅದೇ ಬಸ್ಸಿನ ಕೆಳಗೆ ಮಲಗೋದಿಲ್ಲ ಅಂತ ಹೇಳು ಅವನಿಗೆ’ ಎಂದಳು. ನಾನು ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಹಿಂದಿಯಲ್ಲಿ ಹೇಳಿದೆ.

ಶರಣಪ್ಪ ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದ. ಕುರ್ಚಿ ಕೊಟ್ಟರೂ ಕೂತಿರಲಿಲ್ಲ. ‘ವಾದ ಯಾಕ ಮಾಡತೀರಿ?’ ಎಂದ. ‘ನನಗ ಭರೋಸಾನ ಹೋಗೇತ್ರಿ ಅವ್ವಾರ. ನಾ ಇನ್ನ ಹಾರಾಂಗಿಲ್ಲ.’

ಕೆಟ್ಟವನೇ ಇಲ್ಲದ ಮೇಲೆ ಆಟವೆಲ್ಲಿಯದು? ಸಭೆ ಮುಗಿಯಿತು. ಅಮ್ಮ ಗೆದ್ದಳು. ಗೆದ್ದ ಖುಷಿಗೆ ಎಲ್ಲರಿಗೂ ಕಾಫಿ ಕೊಟ್ಟಳು, ಶರಣಪ್ಪನ ಲೋಟಕ್ಕೆ ಸ್ವಲ್ಪ ಕಡಿಮೆ ಸಕ್ಕರೆ ಹಾಕಿ.

ಆದರೆ ಅಮ್ಮನಿಗೆ ಒಂದು ತೊಂದರೆಯಾಯಿತು. ಯಾರನ್ನು ಬೈಯಬೇಕೆಂದು ಮೈಸೂರಿನಿಂದ ತಯಾರಾಗಿ ಬಂದಿದ್ದಳೋ ಆ ಮನುಷ್ಯನೇ ಆಸ್ಪತ್ರೆಗೆ ಹೋಗುವ ದಿನಗಳಲ್ಲೆಲ್ಲ ನಾಚಾರಂನಿಂದ ಬಂದು, ನನ್ನನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸಿ, ಮತ್ತೆ ಹತ್ತಿಸುತ್ತಿದ್ದ. ಒಂದೊಂದು ಮೆಟ್ಟಿಲಿಗೂ ‘ನೋವಾತೇನ್ರಿ ಸರ್?’ ಎಂದು ಕೇಳುತ್ತಿದ್ದ. ಹಿಂದೆ ಚೀಲ ಹಿಡಿದು ಬರುತ್ತಿದ್ದ ಅಮ್ಮ ಕೆಲವು ದಿನ ಬಿಗುಮಾನದಿಂದಿದ್ದಳು. ಆಮೇಲೆ, ‘ಶರಣಪ್ಪ, ಸ್ವಲ್ಪ ನಿಂತು ಸುಧಾರಿಸ್ಕೊಳಪ್ಪ’ ಎನ್ನತೊಡಗಿದಳು. ಅವಳು ಯಾರನ್ನಾದರೂ ಹೆಸರು ಹಿಡಿದು ಕರೆದರೆ ಮುಗಿಯಿತು, ಅವರಿಗೆ ನಮ್ಮ ಮನೆಯ ಉಪ್ಪಿನಕಾಯಿ ಸಂದ ಹಾಗೆ.

ಕಸ್ತೂರಿಯೂ ಬರುತ್ತಿದ್ದಳು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಅಮ್ಮನಿಗೆ ರೊಟ್ಟಿ ತಟ್ಟುವುದನ್ನು ಕಲಿಸಲು ಹೋಗಿ ಇಬ್ಬರೂ ನಗುತ್ತಾ ಅಡುಗೆಮನೆ ತುಂಬ ಹಿಟ್ಟು ಮಾಡಿದರು. ಒಂದು ದಿನ ಆ ನಗುವಿನ ನಡುವೆಯೇ ಕಸ್ತೂರಿಯ ದನಿ ಇಳಿದದ್ದು ನನಗೆ ಮಂಚದ ಮೇಲಿಂದ ಕೇಳಿತು.

‘ಐತ್ವಾರ ಬಂತಂದ್ರ ಗ್ವಾಡಿಗೆ ಮುಖಾ ಹಚ್ಚಿ ಕುಂಡರತಾನ್ರಿ ಅವ್ವಾರ. ಇಲ್ಲಾಂದ್ರ ಮೆಂತೆಪಲ್ಲೆ ಸೋಸ್ತಾನ. ಅಷ್ಟ ದೊಡ್ಡ ಮನಷ್ಯಾ ಒಂದೊಂದ ಎಲಿ ಬಿಡಸೂದು ನನ್ನ ಕಣ್ಣಿಲೆ ನೋಡಾಕ ಆಗವಲ್ದರಿ. ಮೊನ್ನೆ ನಮ್ಮ ಮಗಳು ಎತ್ತಿಕೋ ಅಂತ ಕೈ ಮಾಡಿದ್ಲು. ಎತ್ತಲಿಲ್ರಿ. ಕೈ ಜಾರಿದ್ರ ಅಂದ.’

ನನ್ನ ಮೂಳೆ ಕೂಡಿಕೊಳ್ಳುತ್ತಿತ್ತು, ಡಾಕ್ಟರು ಚೆನ್ನಾಗಿ ಕೂಡುತ್ತಿದೆ ಎಂದಿದ್ದರು. ನನ್ನನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದವನಿಗೆ ತನ್ನ ಮಗಳನ್ನೇ ಎತ್ತಿಕೊಳ್ಳಲು ಭಯ.

ಪ್ಲಾಸ್ಟರ್ ಬಿಚ್ಚಿ, ಕೋಲೂರಿಕೊಂಡು ನಡೆಯುವಂತಾದ ಮೇಲೆ ಒಂದು ಭಾನುವಾರ ಅಮ್ಮನೇ, ‘ನಡಿಯೋ, ಅದೇನು ಕಣ ಅಂತ ನೋಡ್ಕೊಂಡು ಬರೋಣ’ ಎಂದಳು. ಮಧ್ಯಾಹ್ನ ನರ್ಸಿಂಗನ ಆಟೋದಲ್ಲಿ ಹೋದೆವು. ಕಣ ಶಾಮಿಯಾನದ ಕೆಳಗೆ ಧೂಳು ಹಿಡಿದು ನಿಂತಿತ್ತು. ನರ್ಸಿಂಗ್ ಹೇಗೋ ಪುಸಲಾಯಿಸಿ ಶರಣಪ್ಪನನ್ನೂ ಕಸ್ತೂರಿಯನ್ನೂ ಕರೆಸಿದ್ದ. ‘ಏಕ್ ಬಾರ್ ಅಣ್ಣಾ, ಬಸ್ ಏಕ್ ಬಾರ್’ ಎಂದು ತಾನೇ ಹಾಸಿಗೆಯ ಮೇಲೆ ಅಂಗಾತ ಮಲಗಿದ.

ಶರಣಪ್ಪ ಮೂಲೆಯ ಕಂಬ ಹತ್ತಿದ. ನಿಂತ. ಕೆಳಗೆ ನೋಡಿದ. ಇಳಿದ. ನರ್ಸಿಂಗ್ ಮತ್ತೆ ಬೇಡಿಕೊಂಡ. ಶರಣಪ್ಪ ಮತ್ತೆ ಹತ್ತಿ, ಮತ್ತೆ ಇಳಿದು, ಹಗ್ಗ ಹಿಡಿದು ಕುಸಿದು ಕೂತ.

‘ಇಂವಗ ಬೀಳಾಕ ಬರತೈತ್ರಿ. ಇಂವನ ಮ್ಯಾಲ ಹಾರಿದ್ರ ಏನ್ ಬಂತು?’ ಎಂದ. ‘ಏನೂ ತಿಳೀದವರ ಕಾಲು ಮುರದೀನಿ ನಾ.’

ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಅದೇ ಕಷ್ಟ. ಬೀಳುವುದು ಬಲ್ಲ ನರ್ಸಿಂಗ್ ಹತ್ತು ಸಲ ಮಲಗಿದರೂ ಶರಣಪ್ಪನ ಭಯ ಹೋಗುವಂತಿರಲಿಲ್ಲ. ಅಲ್ಲಿದ್ದವರಲ್ಲಿ ಏನೂ ತಿಳಿಯದವನು ಯಾರೆಂದು ಯೋಚಿಸಲು ಬಹಳ ಹೊತ್ತು ಬೇಕಾಗಲಿಲ್ಲ. ನಾನು ಧೈರ್ಯವಂತನಲ್ಲ ಎಂಬುದು ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿದೆ. ಆದರೂ ಕೋಲನ್ನು ಕಸ್ತೂರಿಯ ಕೈಗೆ ಕೊಟ್ಟು, ಹಗ್ಗದ ನಡುವೆ ನುಸುಳಿದೆ. ನುಸುಳುವಾಗ ಅಂಗಿ ಸಿಕ್ಕಿಕೊಂಡು ಸ್ವಲ್ಪ ಹೊತ್ತು ಒಳಗೂ ಇಲ್ಲ, ಹೊರಗೂ ಇಲ್ಲ. ನರ್ಸಿಂಗ್ ಬಿಡಿಸಿದ.

‘ಏಯ್! ಇಳಿಯೋ ಕೆಳಗೆ!’ ಎಂದು ಅಮ್ಮ ಕೂಗಿದಳು.

ನಾನು ನರ್ಸಿಂಗ್ ಮಲಗಿದ್ದ ಜಾಗದಲ್ಲಿ ಮಲಗಿದೆ. ‘ಶರಣಪ್ಪ, ಹಾರು’ ಎಂದೆ.

‘ಸರ್, ಹುಚ್ಚ ಹಿಡದೈತೇನ್ರಿ ನಿಮಗ?’

‘ನೀನು ಅವತ್ತು ಮೈ ತಿರುಗಿಸದೆ ಇದ್ದಿದ್ರೆ ನಾನು ಇವತ್ತು ಇಲ್ಲಿ ಮಲಗೋಕೇ ಇರ್ತಿರಲಿಲ್ಲ. ಹಾರು.’

ಅವನು ಅಮ್ಮನ ಕಡೆ ನೋಡಿದ. ಅಮ್ಮ ಬಾಯಿ ತೆರೆದಿದ್ದವಳು ಅವನ ಮುಖ ನೋಡಿ ಮುಚ್ಚಿದಳು. ತಾಯಿಯೊಬ್ಬಳು ಆ ಗಳಿಗೆಯಲ್ಲಿ ಏನು ಹೇಳಬೇಕೋ ನನಗೆ ತಿಳಿಯದು. ನನ್ನ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಗ್ಗದ ಹತ್ತಿರ ಬಂದು ಹೇಳಿದ್ದು ಇಷ್ಟೇ: ‘ಆ ಕಾಲು ಮಡಚ್ಕೊಳೋ.’

ಮಡಚಿಕೊಂಡೆ. ಶರಣಪ್ಪ ಕಂಬ ಹತ್ತುವ ಸದ್ದು ಕೇಳಿತು. ಕೆಳಗಿನಿಂದ ನೋಡಿದರೆ ಅವನು ಶಾಮಿಯಾನಕ್ಕೆ ತಲೆ ತಾಗಿಸಿಕೊಂಡು ನಿಂತಿದ್ದ. ನೋಡದಿದ್ದರೇ ಒಳ್ಳೆಯದಿತ್ತು. ಎಷ್ಟೋ ಹೊತ್ತು ಅವನು ಅಲುಗಲಿಲ್ಲ; ನನಗೆ ನೆನಪಿದ್ದ ಒಂದೆರಡು ದೇವರ ಹೆಸರುಗಳೂ ಮುಗಿದುಹೋದವು. ಆಮೇಲೆ ಬೆಳಕಿಗೆ ಏನೋ ಅಡ್ಡ ಬಂತು, ಕಣ್ಣು ಮುಚ್ಚಿದೆ. ‘ಧಡ್’ ಎಂದು ಇಡೀ ಕಣ ನೆಗೆದು ಕೂತಿತು.

ಹೊಟ್ಟೆಯ ಮೇಲೆ ಬನಿಯನ್ನಿನ ತುದಿ ಸವರಿತ್ತು. ಅಷ್ಟೇ. ಕಣ್ಣು ಬಿಟ್ಟರೆ ಗೇಣು ದೂರದಲ್ಲಿ ಶರಣಪ್ಪನ ಮುಖ, ಅದರ ತುಂಬ ಬೆವರೋ ಕಣ್ಣೀರೋ. ಅವನ ಎರಡೂ ಅಂಗೈಗಳು ನನ್ನ ಕಿವಿಗಳ ಪಕ್ಕ ಹಲಗೆಯನ್ನು ಒತ್ತಿಹಿಡಿದಿದ್ದವು, ಇಡೀ ಭಾರ ಅವುಗಳ ಮೇಲಿತ್ತು, ಅವು ಒಂದಿಷ್ಟೂ ನಡುಗುತ್ತಿರಲಿಲ್ಲ. ನಾವಿಬ್ಬರೂ ಹಾಗೇ ಇದ್ದೆವು. ಮೇಲಿದ್ದವನು ಏಳಲೊಲ್ಲ.

‘ಸರ್’ ಎಂದ, ಉಸಿರು ಹಿಡಿದು. ‘ಎಣಸ್ರಿ.’

ರೆಫ್ರಿ ನಾನೇ ತಾನೇ? ಮಲಗಿದ್ದಲ್ಲಿಂದಲೇ ಕೈಯೆತ್ತಿ ಹಲಗೆಗೆ ಬಡಿದೆ. ಒಂದು. ಎರಡು. ಮೂರು. ನನ್ನ ಸೋಲನ್ನು ಅಷ್ಟು ಜೋರಾಗಿ ನಾನು ಎಂದೂ ಎಣಿಸಿರಲಿಲ್ಲ.

ಶರಣಪ್ಪ ಎದ್ದು ನಿಂತ. ಗೆದ್ದವನ ಕೈ ಎತ್ತಬೇಕಾದ ರೆಫ್ರಿ ಇನ್ನೂ ನೆಲದ ಮೇಲೆ ನಗುತ್ತಾ ಬಿದ್ದಿದ್ದ. ಏನು ಮಾಡುವುದೆಂದು ತಿಳಿಯದೆ ಅವನು ಕಣದ ನಡುವೆ ಕೈ ಜೋಲು ಬಿಟ್ಟುಕೊಂಡು ನಿಂತಿದ್ದಾಗ ಹಗ್ಗದ ಕಡೆಯಿಂದ ಬಳೆ ಸದ್ದಾಯಿತು. ಅಮ್ಮ. ಕಸ್ತೂರಿ ಕೆಳಗಿನ ಹಗ್ಗ ತುಳಿದು ಮೇಲಿನದನ್ನು ಎತ್ತಿ ಹಿಡಿದಿದ್ದಳು; ಅಮ್ಮ ಸೀರೆ ಹಿಡಿದುಕೊಂಡು ಅದರ ನಡುವೆ ದಾಟಿ, ನಡೆದು ಬಂದು, ಶರಣಪ್ಪನ ಬಲಗೈ ಹಿಡಿದು ಮೇಲಕ್ಕೆತ್ತಿದಳು. ಅವಳಿಗೆ ಅವನ ಭುಜದ ಎತ್ತರಕ್ಕಿಂತ ಮೇಲೆ ಎತ್ತಲಾಗಲಿಲ್ಲ. ತುದಿಗಾಲಲ್ಲಿ ನಿಂತು ನೋಡಿದಳು, ಆಗಲೂ ಆಗಲಿಲ್ಲ. ಶರಣಪ್ಪ ಮಂಡಿಯೂರಿದ.